ಸುಳ್ಳು ಹಿಡಿಯುವ ಯಂತ್ರಕ್ಕೆ ಬೆಂಗಳೂರಿನಲ್ಲಿ ಕೆಲಸವಿಲ್ಲ

ಯಾವುದಾದರೂ ಹಗರಣ ಹೊರಬಿತ್ತೋ, ಸಂಜೆ ಟೀವಿಯಲ್ಲಿ ಒಬ್ಬರು ಪ್ರತ್ಯಕ್ಷ. ಹೆಸರಿನ ಕೆಳಗೆ ‘ಬಾಡಿ ಲಾಂಗ್ವೇಜ್ ತಜ್ಞರು’ ಅಂತ ಪಟ್ಟಿ. ಮಂತ್ರಿಗಳ ಪ್ರೆಸ್‌ಮೀಟ್ ವಿಡಿಯೊ ನಿಲ್ಲಿಸಿ, ಮೂಗಿನ ಸುತ್ತ ಕೆಂಪು ವೃತ್ತ ಎಳೆದು, ‘ನೋಡಿ, ಮೂಗು ಮುಟ್ಟಿಕೊಂಡರು, ಸುಳ್ಳು ಹೇಳುತ್ತಿದ್ದಾರೆ’ ಅನ್ನುತ್ತಾರೆ. ಸ್ವಾಮಿ, ಅವರು ಈಗಷ್ಟೇ ಹೊರವರ್ತುಲ ರಸ್ತೆಯಿಂದ ಬಂದಿದ್ದಾರೆ. ಆ ಧೂಳಿಗೆ ಹರಿಶ್ಚಂದ್ರನೂ ಮೂಗು ಮುಟ್ಟಿಕೊಳ್ಳುತ್ತಿದ್ದ.

ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ಮಾಡಿದರು. ಎದುರಿನವರ ಮಾತು ನಿಜವೋ ಸುಳ್ಳೋ ಅಂತ ಜನ ಸರಿಯಾಗಿ ಹೇಳಿದ್ದು ಸರಾಸರಿ ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಮಿಕ್ಕ ನಾಲ್ಕಕ್ಕಾಗಿ ಇಷ್ಟೊಂದು ಕೆಂಪು ವೃತ್ತ.

ಹಾಗಂತ ನಮ್ಮ ಊರನ್ನು ಕಡಿಮೆ ಅಂದುಕೊಳ್ಳಬೇಡಿ. ಒಂದು ಕಾಲಕ್ಕೆ ಸುಳ್ಳು ಹಿಡಿಸಬೇಕು ಅಂದರೆ ದೇಶದ ಪೊಲೀಸರೆಲ್ಲ ಆರೋಪಿಗಳನ್ನು ಕರೆದುಕೊಂಡು ಇಲ್ಲಿಗೇ ಬರುತ್ತಿದ್ದರು. ಮಡಿವಾಳದ ಎಫ್‌ಎಸ್‌ಎಲ್ ಅನ್ನೋ ವಿಧಿವಿಜ್ಞಾನ ಪ್ರಯೋಗಾಲಯ, ಇಂಜೆಕ್ಷನ್ ಚುಚ್ಚಿ ಬಾಯಿ ಬಿಡಿಸುವ ಮಂಪರು ಪರೀಕ್ಷೆ, ನಕಲಿ ಛಾಪಾ ಕಾಗದದ ತೆಲಗಿ, ಎಲ್ಲ ನೆನಪಿದೆ ಅಲ್ವಾ? 2010ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು, ಪಾಲಿಗ್ರಾಫ್ (ಅದೇ ಸುಳ್ಳು ಹಿಡಿಯುವ ಯಂತ್ರ), ಮಿದುಳಿನ ಅಲೆ ಓದುವ ಬ್ರೇನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು. ಆ ಕೇಸಿನ ಹೆಸರೇ ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ. ತೀರ್ಪು ಸರಿಯಾದದ್ದೇ, ತಕರಾರಿಲ್ಲ.

ನಮ್ಮ ನಾಯಕರಿಗೆ ಇಂಜೆಕ್ಷನ್ ಬೇಕಾಗಿಯೂ ಇರಲಿಲ್ಲ. ‘ತಾಕತ್ತಿದ್ದರೆ ಧರ್ಮಸ್ಥಳಕ್ಕೆ ಬಂದು ಆಣೆ ಮಾಡಲಿ’ ಅಂದರೆ ಮುಗಿಯಿತು. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೂ ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರೂ ಒಂದೇ ದಿನ ಹೋದರಲ್ಲ! ಕ್ಯಾಮೆರಾಗಳು ಹೋದವು, ಪೊಲೀಸ್ ಬಂದೋಬಸ್ತ್ ಹೋಯಿತು. ಇಬ್ಬರೂ ಮಂಜುನಾಥನ ದರ್ಶನ ಮಾಡಿದರು. ರಾಜ್ಯವೇ ಬಾಯಿ ಬಿಟ್ಟುಕೊಂಡು ಕಾದಿದ್ದ ಎದುರುಬದುರು ಆಣೆ ಮಾತ್ರ ಆಗಲಿಲ್ಲ. ಮುಂದೆ ಅದೇ ಇಬ್ಬರ ಪಕ್ಷಗಳು ಮೈತ್ರಿ ಮಾಡಿಕೊಂಡವು. ಮಂಜುನಾಥನಿಗೆ ಮೊದಲೇ ಗೊತ್ತಿತ್ತೇನೋ.

ಇನ್ನು ಪಾಲಿಗ್ರಾಫ್. ಅದು ಅಳೆಯುವುದು ಸುಳ್ಳನ್ನಲ್ಲ. ನಾಡಿ, ರಕ್ತದೊತ್ತಡ, ಉಸಿರಾಟ, ಚರ್ಮದ ಬೆವರು, ಇಷ್ಟೇ. ಸಿಕ್ಕಿಬಿದ್ದರೆ ಏನು ಗತಿ ಅನ್ನೋ ಭಯ ಇದ್ದರೆ ಮುಳ್ಳು ಕುಣಿಯುತ್ತದೆ. ಇಲ್ಲಿ ಯಾರಿಗಿದೆ ಭಯ? ಸೈಟ್ ಮಾರುವವನು ‘ಏರ್‌ಪೋರ್ಟ್‌ಗೆ ಬರೀ ಹದಿನೈದು ನಿಮಿಷ ಸಾರ್’ ಅನ್ನುವಾಗ ಅವನ ನಾಡಿ ಹಿಡಿದು ನೋಡಿ, ಯೋಗಿಯ ನಾಡಿ. ಹದಿನೈದು ನಿಮಿಷ ಸುಳ್ಳೂ ಅಲ್ಲ ಬಿಡಿ, ವಿಮಾನದಲ್ಲಿ ಹೋದರೆ. ‘ಕಾವೇರಿ ಕನೆಕ್ಷನ್ ಬಂದೇ ಬರುತ್ತೆ’ ಅನ್ನುವಾಗಲೂ ಒಂದು ಹನಿ ಬೆವರಿಲ್ಲ. ನೀರೇ ಇಲ್ಲದ ಬಡಾವಣೆ, ಬೆವರು ಎಲ್ಲಿಂದ ಬರಬೇಕು?

ಈ ವಿದ್ಯೆಯಲ್ಲಿ ನಿಜವಾದ ಸಿದ್ಧಿ ಗಡುವು ಕೊಡುವವರದ್ದು. 2022ರ ಜೂನ್‌ನಲ್ಲಿ ಸಬರ್ಬನ್ ರೈಲಿಗೆ ಶಂಕುಸ್ಥಾಪನೆ ಮಾಡಿದ ಪ್ರಧಾನಿಗಳು 40 ವರ್ಷದಲ್ಲಿ ಆಗದ್ದು 40 ತಿಂಗಳಲ್ಲಿ ಆಗುತ್ತದೆ ಅಂದರು. ಜನ ಚಪ್ಪಾಳೆ ತಟ್ಟಿದರು. 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿಯಿತು, ರೈಲು ಬರಲಿಲ್ಲ. ರಸ್ತೆಗುಂಡಿ ಮುಚ್ಚಲು ರಾಜ್ಯ ಸರ್ಕಾರ ಕೊಟ್ಟ ಗಡುವುಗಳನ್ನು ಯಾವ ಪುಣ್ಯಾತ್ಮರು ಲೆಕ್ಕ ಇಟ್ಟಿದ್ದಾರೋ. ಈ ವಿಷಯದಲ್ಲಿ ಮಾತ್ರ ಪಕ್ಷಭೇದ ಇಲ್ಲ ಅನ್ನೋದು ಸಂತೋಷ.

ಈಜಿಪುರ ಫ್ಲೈಓವರ್‌ಗೆ ಎಲ್ಲರೂ ಕೈ ಹಾಕಿದ್ದಾರೆ. ಬರೀ ಎರಡೂವರೆ ಕಿಲೋಮೀಟರ್. 2017ರಲ್ಲಿ ಶುರು, 2019ಕ್ಕೆ ಮುಗಿಯಬೇಕಿತ್ತು. ವರ್ಷಗಟ್ಟಲೆ ಬೋಳು ಕಂಬಗಳ ಕೆಳಗೆ ಗಾಡಿಗಳು ಸಾಲುಗಟ್ಟಿ ನಿಂತವು. ಮಜಾ ಏನು ಗೊತ್ತಾ, ಅಲ್ಲಿಂದ ಮಡಿವಾಳದ ಸುಳ್ಳು ಪರೀಕ್ಷೆ ಕಚೇರಿ ದೂರವೇ ಇಲ್ಲ.

ತಮಾಷೆ ಸಾಕು. ಆ ಕಂಬಗಳ ಕೆಳಗೆ ದಿನಾ ಒಂದು ಗಂಟೆ ಕಳೆದುಕೊಂಡವರು ಮಕ್ಕಳನ್ನು ಸ್ಕೂಲಿಗೆ ಬಿಡಬೇಕಿತ್ತು, ಆಸ್ಪತ್ರೆಗೆ ಹೋಗಬೇಕಿತ್ತು, ಕೆಲಸಕ್ಕೆ ಲೇಟಾಗಿ ಬೈಸಿಕೊಂಡರು. ಗಡುವು ತಪ್ಪಿಸಿದವರ ಪೈಕಿ ಒಬ್ಬರೂ ಬಂದು ‘ತಪ್ಪಾಯಿತು’ ಅನ್ನಲಿಲ್ಲ. ಹೊಸ ತಾರೀಕು ಹೇಳಿದರು. ಹೇಳುವಾಗ ಮೂಗು ಮುಟ್ಟಲಿಲ್ಲ, ತೊದಲಲಿಲ್ಲ. ನಮಗೆ ಅದು ಸುಳ್ಳು ಅಂತ ಗೊತ್ತಿತ್ತು, ನಮಗೆ ಗೊತ್ತು ಅಂತ ಅವರಿಗೂ ಗೊತ್ತಿತ್ತು. ಆದರೂ ಪ್ರೆಸ್‌ಮೀಟ್ ಮುಗಿದ ಮೇಲೆ ಎಲ್ಲರಿಗೂ ಕಾಫಿ, ಗೋಡಂಬಿ ಕೊಟ್ಟರು.