ಮುಳ್ಳಿನ ಬೂಟು, ತೆಂಗಿನ ಗಾಯ: ಸ್ಪಷ್ಟನೆ

‘ಕಬ್ಬಿಣದ ಮುಳ್ಳಿನ ಬೂಟು ಹಾಕಿ ತೆಂಗು ಹತ್ತಿ, ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಹಗ್ಗವೂ ಬೇಕಿಲ್ಲ’ ಎಂಬ ಸಂದೇಶ ಧಾರವಾಡದ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಮರ ಹತ್ತುವುದೇ ಕಸುಬಾಗಿರುವ ನಾನು ಹೇಳುತ್ತೇನೆ: ಎರಡೂ ಮಾತು ತಪ್ಪು.

ಬೇವು, ಮಾವುಗಳ ತೊಗಟೆಯ ಕೆಳಗೆ ಬೆಳೆಯುವ ಪದರವಿದೆ. ಅದು ಅಂಚಿನಿಂದ ಹೊಸ ಕಟ್ಟಿಗೆ ಬೆಳೆಸಿ ಗಾಯವನ್ನು ಮೆಲ್ಲಗೆ ಮುಚ್ಚುತ್ತದೆ. ತೆಂಗಿಗೆ ಆ ಪದರವೇ ಇಲ್ಲ. ಇಂದು ಚುಚ್ಚಿದ ತೂತು ಮರ ಇರುವವರೆಗೂ ತೂತೇ. ಹಸಿ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಮರಿಗಳು ಒಳಗಿನಿಂದ ಕಾಂಡವನ್ನು ಕೊರೆಯುವುದು ಮನೆಯವರಿಗೆ ತಿಳಿಯುವ ಹೊತ್ತಿಗೆ ಹೆಚ್ಚಿನ ಸಲ ಕಾಲ ಮಿಂಚಿರುತ್ತದೆ.

ಮುಳ್ಳಿನ ಬೂಟು ಕಡಿದು ಕೆಡವಬೇಕಾದ ಮರಕ್ಕೆ ಸರಿ. ಟೊಂಗೆ ಸವರಲು, ಕಾಯಿ ಇಳಿಸಲು ಬೇಡ. ಮುಳ್ಳು ಜಾರಿದರೆ ಹಿಡಿಯುವುದು ಸೊಂಟದ ಪಟ್ಟಿ ಮತ್ತು ಹಗ್ಗ ಮಾತ್ರ. ಮೇಲೆ ಗರಗಸ ಓಡಿಸುವಾಗ ಎರಡು ಕಡೆ ಕಟ್ಟಿಕೊಳ್ಳಬೇಕು, ಒಂದು ತುಂಡಾದರೂ ಇನ್ನೊಂದು ಉಳಿಯಲೆಂದು.

ತೆಂಗಿಗೆ ನಾನು ಪೆಡಲ್ ಯಂತ್ರ, ಅಂದರೆ ಕಾಂಡಕ್ಕೆ ಸುತ್ತಿ ಕಾಲಿನಿಂದ ಮೆಟ್ಟುತ್ತ ಹತ್ತುವ ಸಾಧನ, ಬಳಸುತ್ತೇನೆ. ‘ಸೈಕಲ್ ಸವಾರ ಬಂದ’ ಎಂದು ಜೊತೆಗಾರರು ನಗುತ್ತಾರೆ. ನಗಲಿ, ಮರಕ್ಕೆ ತೂತಿಲ್ಲ.