ಮಹಾಬಲಿಪುರಕ್ಕೆ ಹೋಗುವಾಗ ಈಂಜಂಬಾಕ್ಕಂನಲ್ಲಿ ಇಳಿಯಿರಿ

ಬೆಂಗಳೂರಿನಿಂದ ಮಹಾಬಲಿಪುರಕ್ಕೆ ಹೊರಟ ನಮ್ಮ ಜನ ಚೆನ್ನೈ ದಾಟಿದ ಮೇಲೆ ಈಸ್ಟ್ ಕೋಸ್ಟ್ ರೋಡಿನಲ್ಲಿ ಎಲ್ಲೂ ಗಾಡಿ ನಿಲ್ಲಿಸುವುದಿಲ್ಲ. ನಾನೂ ಮೂರು ಸಲ ಹಾಗೇ ಹೋಗಿದ್ದೆ. ಈ ಸಲ ಈಂಜಂಬಾಕ್ಕಂನಲ್ಲಿ ಬಸ್ ಇಳಿದು ಚೋಳಮಂಡಲ ಕಲಾವಿದರ ಗ್ರಾಮಕ್ಕೆ ನಡೆದೆ. ಅರ್ಧ ಗಂಟೆ ನೋಡಿ ಹೊರಡೋಣ ಅಂದುಕೊಂಡವಳು ಮಧ್ಯಾಹ್ನ ಊಟದ ಹೊತ್ತಾದರೂ ಅಲ್ಲೇ ಇದ್ದೆ.

ಒಳಗೆ ಹೋದರೆ ಮರಗಳ ನೆರಳು, ಮರಳು ಬೆರೆತ ಮಣ್ಣು. ಅಲ್ಲಲ್ಲಿ ಕಲ್ಲಿನ ಶಿಲ್ಪಗಳು, ಅವುಗಳ ಮೇಲೆ ಒಣಗಿದ ಎಲೆಗಳು. ಆದರೆ ನಾನು ಬರೆಯಬೇಕು ಅಂತ ಕೂತಿದ್ದು ಈ ಚೆಂದದ ಬಗ್ಗೆ ಅಲ್ಲ. ಈ ಜಾಗ ಹುಟ್ಟಿದ ಬಗೆ ನನ್ನನ್ನು ಬಿಡುತ್ತಿಲ್ಲ.

ಅರವತ್ತರ ದಶಕದಲ್ಲಿ ಮದ್ರಾಸಿನ ಸರ್ಕಾರಿ ಕಲಾ ಶಾಲೆಗೆ ಕೆ.ಸಿ.ಎಸ್. ಪಣಿಕ್ಕರ್ ಪ್ರಿನ್ಸಿಪಾಲ್. ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದರು. ಕಲಿತು ಹೊರಗೆ ಬಂದರೆ ಚಿತ್ರ ಕೊಳ್ಳುವವರಿಲ್ಲ. ಎಲ್ಲಾದರೂ ಒಂದು ಕೆಲಸ ಹಿಡಿಯಬೇಕು, ಕುಂಚ ಮೂಲೆಗೆ ಬೀಳಬೇಕು. ಅದಕ್ಕೆ ಗುರು-ಶಿಷ್ಯರು ಸೇರಿ ಬಾಟಿಕ್ ಬಟ್ಟೆ (ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದಿದ ಬಟ್ಟೆ), ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು. ಆ ದುಡ್ಡಿನಲ್ಲಿ 1966ರಲ್ಲಿ ಕಡಲ ಪಕ್ಕ ಎಂಟು-ಹತ್ತು ಎಕರೆ ಜಾಗ ಕೊಂಡು ಊರನ್ನೇ ಕಟ್ಟಿದರು. ಕೈಕೆಲಸ ಹೊಟ್ಟೆಗೆ, ಉಳಿದ ಹೊತ್ತು ಚಿತ್ರಕ್ಕೆ.

ನಮ್ಮಮ್ಮನ ಹತ್ತಿರ ಒಂದು ಬಾಟಿಕ್ ಸೀರೆ ಇತ್ತು. ಕಡು ನೀಲಿ, ಮೈತುಂಬ ಕೂದಲೆಳೆಯಷ್ಟು ತೆಳುವಾದ ಗೆರೆಗಳು. ಚಿಕ್ಕವಳಿದ್ದಾಗ ಅದು ಹಾಳಾದ ಬಟ್ಟೆ ಅಂದುಕೊಂಡಿದ್ದೆ. ಬಟ್ಟೆಗೆ ಹಚ್ಚಿದ ಮೇಣ ಆರಿ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಆ ಬಿರುಕಿನೊಳಗೆ ಬಣ್ಣ ಇಳಿದು ಗೆರೆ ಮೂಡುತ್ತದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಂಥ ಗೆರೆಗಳ ದುಡ್ಡಿನಲ್ಲಿ ಒಂದು ಊರು ಎದ್ದಿತು! ಬಾಟಿಕ್ ಅಂದರೆ ಬರೀ ಕ್ರಾಫ್ಟ್ ಅಂತ ಮೂಗು ಮುರಿಯುವವರು ಇಲ್ಲಿಗೆ ಒಮ್ಮೆ ಬರಬೇಕು.

ಆ ಮೊದಲ ಗುಂಪಿನಲ್ಲಿ ನಮ್ಮ ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಇದ್ದರು. 1970ರ 'ಸಂಸ್ಕಾರ' ಸಿನಿಮಾದ ಕಲಾ ನಿರ್ದೇಶಕರು ಅವರೇ. ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿದರು. ಇಷ್ಟು ಹತ್ತಿರದ ನಂಟಿದ್ದೂ ಈ ಊರಿನ ಹೆಸರು ನಮ್ಮಲ್ಲಿ ಜಾಸ್ತಿ ಜನರಿಗೆ ಗೊತ್ತಿಲ್ಲ ಅನ್ನೋದು ನನಗೆ ಬೇಸರ.

ಗ್ರಾಮದೊಳಗಿನ ಮ್ಯೂಸಿಯಂ ಅನ್ನು ಓಡೋಡಿ ನೋಡಬೇಡಿ. ಪಣಿಕ್ಕರ್ ಚಿತ್ರಗಳಲ್ಲಿ ಅಕ್ಷರದಂತೆ ಕಾಣುವ ಗೀಚುಗಳಿರುತ್ತವೆ. ಓದಲು ಹೋದರೆ ಓದಿಗೆ ಸಿಗುವುದಿಲ್ಲ. ಹಳೇ ಜಾತಕದ ಹಾಳೆ ನೋಡಿದಂತೆ ಕಣ್ಣು ಸುಮ್ನೆ ಅದರ ಮೇಲೆ ಓಡಾಡುತ್ತದೆ. ಅವರ ಮಗ ನಂದಗೋಪಾಲ್ ಅವರ ಲೋಹದ ಶಿಲ್ಪದ ಹತ್ತಿರ ನಿಂತು ತಾಮ್ರದ ಬೆಸುಗೆ ನೋಡಿ. ಕೆ. ರಾಮಾನುಜಂ ಮಸಿಯಲ್ಲಿ ಬರೆದ ಕನಸಿನ ಅರಮನೆಗಳಿವೆಯಲ್ಲ, ಅವುಗಳ ಬಗ್ಗೆ ಮಾತಾಡಲು ನನಗೆ ಕಷ್ಟ. ಇದೇ ಊರಿನಲ್ಲಿದ್ದ ಆತ 1973ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ನೆರೆಹೊರೆ ತುಂಬ ಕಲಾವಿದರೇ ಇದ್ದರೂ ಒಬ್ಬರ ಒಂಟಿತನ ನೀಗಲಿಲ್ಲ.

ಆಮೇಲೆ ಕಡಲಿಗೆ ಹೋದೆ. ಮೀನುಗಾರರ ದೋಣಿಗಳು ಮರಳಿನ ಮೇಲಿದ್ದವು. ಇಂಗ್ಲಿಷಿನವರು ಕ್ಯಾಟಮರನ್ ಅನ್ನುವುದು ಇಲ್ಲಿಯ ಕಟ್ಟುಮರವನ್ನೇ. ಕಟ್ಟಿದ ಮರ, ನಮಗಂತೂ ಯಾರೂ ಅರ್ಥ ಹೇಳಬೇಕಿಲ್ಲ ಅಲ್ವಾ?

ಕಲೆ ನೆಚ್ಚಿ ಬದುಕಬಹುದಾ ಅನ್ನುವ ಮಾತು ಈಗ ನಮ್ಮ ಮನೆಯಲ್ಲೂ ನಡೆಯುತ್ತಿದೆ. ಅಕ್ಕನ ಮಗಳಿಗೆ ಚಿತ್ರಕಲೆಯನ್ನೇ ಓದಬೇಕು ಅಂತ ಆಸೆ. "ಅದರಿಂದ ಹೊಟ್ಟೆ ತುಂಬುತ್ತಾ?" ಅಂತ ಎಲ್ಲರೂ ಅವಳನ್ನೇ ಕೇಳುತ್ತಾರೆ. ಆ ಪ್ರಶ್ನೆಯನ್ನು ಅವಳೊಬ್ಬಳ ತಲೆಗೆ ಕಟ್ಟಬೇಡಿ. ಇಲ್ಲಿ ಅದಕ್ಕೆ ಮೂವತ್ತು-ನಲವತ್ತು ಜನ ಒಟ್ಟಿಗೆ ಕೂತು ಉತ್ತರ ಹುಡುಕಿದ್ದರು. ಡಿಸೆಂಬರ್ ರಜೆಗೆ ಅವಳನ್ನೂ, ಅಕ್ಕ-ಭಾವನನ್ನೂ ಕರೆದುಕೊಂಡು ಮತ್ತೆ ಅಲ್ಲಿಗೆ ಹೋಗುತ್ತಿದ್ದೇನೆ. ಆಗ ಬಿಸಿಲೂ ಕಡಿಮೆ, ನಿಧಾನವಾಗಿ ನಡೆಯಬಹುದು.