ಝಡ್ ಸ್ಕೇಲ್ ರೈಲಿಗೆ ಎನ್ ಸ್ಕೇಲ್ ಕಂಟ್ರೋಲರ್ ಸಾಕೇ? ಒಂದು ಸ್ಪಷ್ಟನೆ

ಝಡ್, ಎನ್ ಅಂದರೆ ಮಾದರಿ ರೈಲುಗಳ ಅಳತೆಯ ಹೆಸರುಗಳು; ಎನ್‌ಗಿಂತ ಝಡ್ ಚಿಕ್ಕದು. ಕಂಟ್ರೋಲರ್ ಅಂದರೆ ಹಳಿಗೆ ಕರೆಂಟ್ ಕೊಟ್ಟು ರೈಲಿನ ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ. ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಝಡ್ ಸ್ಕೇಲ್ ಪ್ರಪಂಚದ ಅತಿ ಚಿಕ್ಕ ಮಾದರಿ ರೈಲು. ಎನ್ ಸ್ಕೇಲ್ ಕಂಟ್ರೋಲರ್ ಇದ್ದರೆ ಅದನ್ನೇ ಹಾಕಿ, ಬೇರೆ ಬೇಡ." ಎರಡೂ ತಪ್ಪು.

ಮೊದಲನೆಯದು ಸಣ್ಣ ತಪ್ಪು. 1972ರಲ್ಲಿ ಮಾರ್ಕ್ಲಿನ್ ಕಂಪನಿ ಝಡ್ ತಂದಾಗ ಅದೇ ಚಿಕ್ಕದಾಗಿತ್ತು. ಈಗ ಜಪಾನಿನಿಂದ ಬಂದ, ಅದಕ್ಕಿಂತ ಚಿಕ್ಕದಾದ ಟಿ ಗೇಜ್ ರೈಲು ಇದೆ, ಹಳಿಯ ಅಗಲ ಬರೀ 3 ಮಿ.ಮೀ.

ಎರಡನೆಯದು ದುಬಾರಿ ತಪ್ಪು. ಎನ್ ರೈಲುಗಳು 12 ವೋಲ್ಟಿನವು. ಮಾರ್ಕ್ಲಿನ್ ಝಡ್ ಎಂಜಿನ್‌ಗೆ 10 ವೋಲ್ಟ್ ಮಿತಿ, ಹಳೆಯವಕ್ಕೆ 8. ಎನ್ ಕಂಟ್ರೋಲರ್‌ನ ಗುಂಡಿ ಪೂರ್ತಿ ತಿರುಗಿಸಿದರೆ ಪುಟ್ಟ ಮೋಟಾರ್ ಸುಟ್ಟುಹೋಗಬಹುದು. ಮಕ್ಕಳ ಕೈಗೆ ಕೊಡುವಾಗಲಂತೂ ಝಡ್‌ನದೇ ಕಂಟ್ರೋಲರ್ ಇರಲಿ, ದಯವಿಟ್ಟು.

ಜಾಗದ ಚಿಂತೆ ಬೇಡ. ಝಡ್ ಅಂದರೆ ನಿಜ ರೈಲಿನ 220ರಲ್ಲಿ ಒಂದು ಪಾಲು. 22 ಮೀಟರ್ ಬೋಗಿ 10 ಸೆಂ.ಮೀ. ಆಗುತ್ತದೆ. ಮಾರ್ಕ್ಲಿನ್ ಹಳಿಯ ಅತಿ ಚಿಕ್ಕ ತಿರುವಿನ ತ್ರಿಜ್ಯ 145 ಮಿ.ಮೀ., ಹಾಗಾಗಿ ಒಂದು ಅಡಿಗಿಂತ ಸ್ವಲ್ಪ ಅಗಲದ ಹಲಗೆ ಸಾಕು. ರೈಲು ಹಳಿಯೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಮೇಜಿನ ಮೇಲಾದರೂ ರೈಲು ಓಡಲಿ ಅನ್ನೋ ಆಸೆ ಎಷ್ಟು ಚೆಂದ ಅಲ್ವಾ!

ಆ ಸಂದೇಶದಲ್ಲಿ ಇಲ್ಲದ್ದು ನಮ್ಮ ಮಳೆಗಾಲದ ಮಾತು. ಜೂನ್‌ನಿಂದ ತೇವ ಜಾಸ್ತಿ. ಹಳಿಯ ಮೇಲೆ ಕೊಳೆ ಕಟ್ಟಿದರೆ ಹಗುರ ಎಂಜಿನ್‌ಗೆ ಕರೆಂಟ್ ಸರಿಯಾಗಿ ಸಿಗದೆ ನಿಂತುಬಿಡುತ್ತದೆ. ಮೋಟಾರ್ ಕೆಟ್ಟಿತೆಂದು ಸುಮ್ನೆ ಬಿಚ್ಚಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಹಳಿ ಒರೆಸಿ. ಮರಳು ಕಾಗದ ಬೇಡ, ಗೀರು ಬಿದ್ದಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಓಡಿಸದಾಗ ಎಂಜಿನ್ನನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.